ನನ್ನ ಹಿಮ್ಮಡಿಯನ್ನು ನೋಡಿದ ಆ ತಾಯಿಗೆ

ಕಳೆದ ಶ್ರಾವಣದಲ್ಲಿ ಗದಗಿನ ವೀರನಾರಾಯಣ ಗುಡಿಯ ಮುಂದೆ ಚಪ್ಪಲಿ ಬಿಟ್ಟು ಒಳಗೆ ಹೊರಟಿದ್ದ ನನ್ನನ್ನು ತಡೆದು, ಹಿಮ್ಮಡಿಯಲ್ಲಿ ಮುರಿದು ನಿಂತಿದ್ದ ಜಾಲಿಮುಳ್ಳನ್ನು ತೋರಿಸಿ, ಹೆಸರನ್ನೂ ಹೇಳದೆ ಹೋದ ತಾಯಿಗೆ ನನ್ನ ಕೃತಜ್ಞತೆಗಳು. ನೋವೇ ಇಲ್ಲವೆಂದು ನಾನು ಹೆಮ್ಮೆಯಿಂದ ಹೇಳಿದಾಗ, ನೋವಿಲ್ಲದಿರುವುದೇ ಅಂಜಿಕೆಯ ಸಂಗತಿ ಎಂದಿರಿ. ಮಧುಮೇಹದಲ್ಲಿ ಬಹುಕಾಲ ಏರಿಯೇ ಉಳಿದ ರಕ್ತದ ಸಕ್ಕರೆಯು ಪಾದದ ನರಗಳನ್ನು ಮಂಕಾಗಿಸುತ್ತದೆ, ಜೊತೆಗೆ ರಕ್ತಸಂಚಾರವೂ ತಗ್ಗಿದರೆ ಸಣ್ಣ ಗಾಯವೇ ಹುಣ್ಣಾಗಿ ಬೆರಳನ್ನು ಕಳೆಯಬಹುದು ಎಂಬುದನ್ನು ಮರುದಿನ ವೈದ್ಯರು ಬಿಡಿಸಿ ಹೇಳಿದರು. ರಕ್ತದ ಸಕ್ಕರೆಯ ಸುಮಾರು 3 ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ನನ್ನದು ಶೇಕಡಾ 9.4 ಇತ್ತು, ಅಂದರೆ ಬಹಳ ಹೆಚ್ಚು. ಜೋಳದ ರೊಟ್ಟಿಯನ್ನು ಎಷ್ಟಾದರೂ ತಿನ್ನಬಹುದೆಂಬ ನನ್ನ ನಂಬಿಕೆಯೂ (ಅದೂ ಸಕ್ಕರೆ ಏರಿಸುವ ಪಿಷ್ಟವೇ ಅಲ್ಲವೇ!) ಅಂದೇ ಮುರಿಯಿತು. ಈಗ ಊಟಕ್ಕೆ ಎರಡೇ ರೊಟ್ಟಿ, ಧಾರಾಳವಾಗಿ ಪುಂಡಿಪಲ್ಲೆ, ಮಡಕಿಕಾಳು. ಮಲಗುವ ಮುನ್ನ ಕನ್ನಡಿ ಹಿಡಿದು ಅಂಗಾಲನ್ನು ನೋಡಿಕೊಳ್ಳುತ್ತೇನೆ. ಗಾಯ ಮಾಗಿದೆ, ತಾಯಿ.