ಉರ್ದುವಿನ ತಪ್ಪಲ್ಲ ಅದು

ಮಾನ್ಯ ಸಂಪಾದಕರೇ,

ಹಳದಿ, ನೇರಳೆ, ಕಿತ್ತಳೆ. ರೆಸಿಸ್ಟರ್ ಅಂದರೆ ಸರ್ಕ್ಯೂಟಿನಲ್ಲಿ ಕರೆಂಟ್ ಹರಿವನ್ನು ತಡೆಯುವ ಪುಟ್ಟ ಬಿಡಿಭಾಗ, ಅದರ ಮೇಲೆ ಈ ಮೂರು ಪಟ್ಟೆ ಇದ್ದರೆ ಅದು 47 ಕಿಲೋ ಓಮ್. ಬಣ್ಣ ಓದುವುದರಲ್ಲಿ ನಾನು ಯಾವತ್ತೂ ತಪ್ಪಿಲ್ಲ. ಲ್ಯಾಬ್ ರೆಕಾರ್ಡ್‌ನಲ್ಲಿ ಬರೆಯುವಾಗ ಮಾತ್ರ ಅದು 74 ಆಗಿಬಿಡುತ್ತದೆ. ವೈವಾ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು "74 ಕೆ ಯಾವ ಅಂಗಡೀಲಿ ಸಿಗತ್ತಮ್ಮ, ನಮಗೂ ಸ್ವಲ್ಪ ಹೇಳು" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ?

ನಾನು ದಾವಣಗೆರೆಯವಳು. ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್, ಕೊನೆಯ ವರ್ಷ. ಅಬ್ಬಾ ಮೋಟಾರ್ ವೈಂಡಿಂಗ್ ಮಾಡುತ್ತಾರೆ, ಸುಟ್ಟ ಪಂಪ್‌ಸೆಟ್ ಬಿಚ್ಚಿ ಯಾವ ಸ್ಲಾಟಿಗೆ ಎಷ್ಟು ಸುತ್ತು ತಂತಿ ಅಂತ ಎಣಿಸುವುದನ್ನು ಏಳನೇ ಕ್ಲಾಸಿಗೇ ಅವರ ಪಕ್ಕ ಕೂತು ಕಲಿತಿದ್ದೆ. ಮನೆಯಲ್ಲಿ ದಖನಿ, ಮದ್ರಸಾದಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಮಾಧ್ಯಮ, ಪಿಯುಸಿಗೆ ಬಂದ ಕೂಡಲೇ ಎಲ್ಲವೂ ಇಂಗ್ಲಿಷ್. ಅಕ್ಷರ ತಿರುಗಿಸಿದರೆ, ಸಾಲು ಹಾರಿಸಿ ಓದಿದರೆ, ಒತ್ತಕ್ಷರ ನುಂಗಿದರೆ ಮೇಷ್ಟ್ರ ಹತ್ತಿರ ಉತ್ತರ ರೆಡಿ ಇರುತ್ತಿತ್ತು: ಇವರು ಬಲದಿಂದ ಎಡಕ್ಕೆ ಬರೆಯೋರು, ಅದಕ್ಕೇ ಹೀಗೆ. ಮಜಾ ಏನು ಗೊತ್ತಾ, ಉರ್ದುವಿನಲ್ಲೂ ಅಂಕಿಗಳನ್ನು ಎಡದಿಂದ ಬಲಕ್ಕೇ ಬರೆಯುತ್ತಾರೆ. ನನ್ನ ಅಕ್ಕನೂ ಅದೇ ಮದ್ರಸಾಕ್ಕೆ ಹೋದವಳು, ಅವಳ 47 ಯಾವತ್ತೂ 47 ಆಗಿಯೇ ಇರುತ್ತದೆ.

ಮೇಷ್ಟ್ರು ಕೆಟ್ಟವರಲ್ಲ. ಆದರೆ ನಮ್ಮಂಥ ಮನೆಯ ಮಗು ಓದಿನಲ್ಲಿ ಎಡವಿದರೆ ಯಾರೂ ಕಾರಣ ಹುಡುಕುವುದಿಲ್ಲ, ಮನೆಭಾಷೆ, ಬಡತನ, ಓದದ ಅಪ್ಪ-ಅಮ್ಮ ಅಂತ ಅದು ಮೊದಲೇ ಸಿಕ್ಕಿರುತ್ತದೆ. ನನ್ನದು ಡಿಸ್ಲೆಕ್ಸಿಯಾ, ಅಂದರೆ ಓದು-ಬರಹಕ್ಕೆ ತೊಡಕಾಗುವ ಕಲಿಕಾ ನ್ಯೂನತೆ ಇರಬಹುದು ಅಂತ ಮೊದಲು ಹೇಳಿದ್ದು ಕಾಲೇಜಿನ ಲ್ಯಾಬ್ ಮೇಡಂ, ಅದೂ ಅವರ ಮಗನಿಗೆ ಇದ್ದದ್ದರಿಂದ. ಆಗ ನನಗೆ 20 ವರ್ಷ.

ಅಬ್ಬಾ ಅಂಗಡಿ ಬಾಗಿಲು ಹಾಕಿ ಮೂರು ಸಲ ಬೆಂಗಳೂರಿನ ಆಸ್ಪತ್ರೆಗೆ ಜೊತೆ ಬಂದರು. ಅಲ್ಲಿ ಪ್ರೈಮರಿ ಶಾಲೆಯ ನೋಟ್‌ಬುಕ್ ಇದೆಯಾ ಅಂತ ಕೇಳಿದರು. ಅವು ಗುಜರಿಗೆ ಹೋಗಿ ಯಾವ ಕಾಲವಾಯಿತೋ!

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳ ಪಟ್ಟಿಯಲ್ಲಿ ಕಲಿಕಾ ನ್ಯೂನತೆ ಇದೆ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಜಾಸ್ತಿ ಕೊಡಬೇಕು ಅಂತ ಕೇಂದ್ರದ ಮಾರ್ಗಸೂಚಿ ಇದೆ, ಅಂದರೆ ಮೂರು ಗಂಟೆಯ ಪೇಪರಿಗೆ ಇನ್ನೊಂದು ಗಂಟೆ. ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ 8, 14, 18ನೇ ವಯಸ್ಸಿನಲ್ಲಿ ಪರೀಕ್ಷೆ ಮಾಡಬೇಕು ಅಂತ 2018ರ ನಿಯಮ ಹೇಳಿತ್ತು. ಎಂಟು ವರ್ಷದ ನನ್ನನ್ನು ಯಾರು ಕರೆದುಕೊಂಡು ಹೋಗಬೇಕಿತ್ತು? ಈಗ ಕಾಲೇಜಿನ ಪರೀಕ್ಷಾ ವಿಭಾಗದವರು "40 ಪರ್ಸೆಂಟ್ ನ್ಯೂನತೆ ಅಂತ ಬರೆಸಿಕೊಂಡು ಬಾ" ಅಂತಾರೆ. ಪರೀಕ್ಷೆಯಲ್ಲಿ ನಮ್ಮ ಪರವಾಗಿ ಉತ್ತರ ಬರೆದುಕೊಡುವ ಬರಹಗಾರರ ಸೌಲಭ್ಯವನ್ನು 40 ಪರ್ಸೆಂಟ್ ಇದ್ದವರಿಗಷ್ಟೇ ಸೀಮಿತ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಫೆಬ್ರುವರಿ 2021ರಲ್ಲೇ ಹೇಳಿದೆ. ಆ ತೀರ್ಪಿನ ಪ್ರಿಂಟ್ ತೆಗೆದುಕೊಂಡು ಹೋಗಿ ಕೊಟ್ಟೆ. ಟೇಬಲ್ ಮೇಲೆ ಇಟ್ಟುಕೊಂಡರು, ಅಷ್ಟೇ.

ಕ್ಲಾಸಿನಲ್ಲಿ ಒಬ್ಬ, "2ಬಿ ಸೀಟು, ಸ್ಕಾಲರ್‌ಶಿಪ್ಪು, ಈಗ ಟೈಮೂ ಜಾಸ್ತಿ ಬೇಕಾ?" ಅಂದ. ಮನೆಯಲ್ಲಿ ಅಮ್ಮಿ, ಹೊರಗೆ ಹೇಳಬೇಡ, ಸಂಬಂಧ ಕೇಳಿಕೊಂಡು ಬರುವವರಿಗೆ ಗೊತ್ತಾದರೆ ಏನು ಗತಿ ಅಂತಾಳೆ. ಹೆಸರು ಹಾಕದೆ ಬರೆಯುತ್ತಿರುವುದು ಅದಕ್ಕೇ, ಕ್ಷಮಿಸಿ.

ಕಲಿಕಾ ನ್ಯೂನತೆಯ ಪರೀಕ್ಷೆ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಆಗಲಿ, ಮಗುವನ್ನು ಅದರ ಮನೆಮಾತಿನಲ್ಲೇ ಮಾತಾಡಿಸುವವರು ಅಲ್ಲಿರಲಿ. ಬೇರೆ ಭಾಷೆಯ ಮನೆಯ ಮಗು ತಿಂಗಳುಗಟ್ಟಲೆ ಅದೇ ತಪ್ಪು ಮಾಡುತ್ತಿದ್ದರೆ ಅದರ ಅಕ್ಕನ ನೋಟ್‌ಬುಕ್ಕನ್ನೂ ಒಮ್ಮೆ ತೆಗೆದು ನೋಡಿ, ಮೇಷ್ಟ್ರೇ. ಖರ್ಚೇನೂ ಇಲ್ಲ ಅಲ್ವಾ?

ಮುಂದಿನ ತಿಂಗಳು ನನ್ನ ಸೆಮಿಸ್ಟರ್ ಪರೀಕ್ಷೆ. ಜಾಸ್ತಿ ಟೈಮ್ ಕೇಳಿದ ನನ್ನ ಅರ್ಜಿ ಇನ್ನೂ ಪರೀಕ್ಷಾ ವಿಭಾಗದ ಆ ಟೇಬಲ್ ಮೇಲೇ ಇದೆ. ಸದ್ಯಕ್ಕೆ ರೆಕಾರ್ಡ್ ಪುಸ್ತಕದಲ್ಲಿ ಪ್ರತಿ ರೆಸಿಸ್ಟರ್ ಪಕ್ಕ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿಡುತ್ತಿದ್ದೇನೆ: ಹ, ನೇ, ಕಿ.

— ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ