ಸುಗಂಧರಾಜವನ್ನು ನೆರಳಿನ ಗಿಡ ಅಂತ ಮಾರಬೇಡಿ

ಸಂಪಾದಕರೇ,

ಸುಗಂಧರಾಜ ಬಾಲ್ಕನಿ ನೆರಳಲ್ಲೂ ಬರುತ್ತೆ ಅಂತ ಹೇಳಿ ಗಡ್ಡೆ ಮಾರುವ ನರ್ಸರಿಯವರು ಈಚೆಗೆ ಜಾಸ್ತಿಯಾಗಿದ್ದಾರೆ. ನಮ್ಮೂರಲ್ಲೂ ಒಬ್ಬರಿದ್ದಾರೆ. ಬರುತ್ತೆ, ಸುಳ್ಳಲ್ಲ. ಆದರೆ ಬರುವುದು ಎಲೆ ಮಾತ್ರ. ಈರುಳ್ಳಿ ಸೊಪ್ಪಿನ ಹಾಗೆ ಉದ್ದುದ್ದ ಬೆಳೆದು ಕುಂಡದ ಅಂಚಿಗೆ ಒರಗಿಕೊಳ್ಳುತ್ತದೆ. ಹೂವಿನ ಸುಳಿವೇ ಇರುವುದಿಲ್ಲ. ಆಮೇಲೆ ಕೊಂಡವರು ಗೊಬ್ಬರ ಸಾಲದೇನೋ ಅಂತ ಯೂರಿಯಾ ಸುರಿಯುತ್ತಾರೆ, ಎಲೆ ಇನ್ನೂ ಜಾಸ್ತಿ ಆಗುತ್ತದೆ, ಕೊನೆಗೆ ಬೇಜಾರಾಗಿ ಕುಂಡ ಸಮೇತ ಹೊರಗಿಡುತ್ತಾರೆ.

ಇದು ಮೆಕ್ಸಿಕೋ ಕಡೆಯಿಂದ ಬಂದ ಗಡ್ಡೆ ಗಿಡ. ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕೇ ಬೇಕು. ತಾರಸಿ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಹೂವಿಲ್ಲ. ಗಡ್ಡೆ ಕೊಳ್ಳುವಾಗ ಹೆಬ್ಬೆರಳಿನಷ್ಟು ದಪ್ಪ ಇರುವುದನ್ನೇ ಆರಿಸಿ, ತೀರಾ ಸಣ್ಣದು ಮೊದಲ ವರ್ಷ ಹೂ ಕೊಡುವುದು ಕಷ್ಟ. ಕೆಮ್ಮಣ್ಣಿಗೆ ಮರಳು, ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ 2 ಇಂಚು ಆಳದಲ್ಲಿ ಊರಿದರೆ ಸಾಕು. ಮೊಳಕೆ ಕಾಣುವವರೆಗೆ ನೀರು ಕಮ್ಮಿ. ಕುಂಡದ ತಳದಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ, ಅದಂತೂ ಗ್ಯಾರಂಟಿ.

ಸುಮಾರು 3 ತಿಂಗಳಿಗೆ ದಂಟು ಏಳುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ 'ಪ್ರಜ್ವಲ್' ತಳಿಯಾದರೆ ಮೊಗ್ಗಿನ ತುದಿಗೆ ತೆಳು ಗುಲಾಬಿ ಬಣ್ಣ ಇರುತ್ತದೆ, ಅರಳಿದ ಮೇಲೆ ಅಚ್ಚ ಬಿಳಿ. ಕೆಳಗಿನ ಮೊಗ್ಗು ಮೊದಲು ಬಿರಿಯುತ್ತದೆ, ಆಮೇಲೆ ಅದರ ಮೇಲಿನದು, ಹೀಗೆ ಹಲವಾರು ದಿನ. ದೀಪ ಹಚ್ಚುವ ಹೊತ್ತಿಗೆ ಪರಿಮಳ ಜೋರಾಗುತ್ತದೆ, ಯಾಕೆಂದರೆ ಅದು ಕರೆಯುವುದು ರಾತ್ರಿ ಹಾರುವ ಪತಂಗಗಳನ್ನು, ನಮ್ಮನ್ನಲ್ಲ! ಸುತ್ತು ದಳದ 'ಸುವಾಸಿನಿ', 'ವೈಭವ್' ನೋಡಲು ಚೆಂದ, ಹೂದಾನಿಗೆ ಸರಿ. ಘಮ ಬೇಕಿದ್ದರೆ ಒಂಟಿ ದಳದ್ದೇ ಹಾಕಿ ಅಂತೀನಿ ನಾನು.

ಇನ್ನೊಂದು ಮಾತು. ಹೂ ಮುಗಿದ ತಕ್ಷಣ ಗಿಡ ಸತ್ತಿತು ಅಂತ ಕಿತ್ತೆಸೆಯಬೇಡಿ. ಹೂ ಕೊಟ್ಟ ಗಡ್ಡೆ ಮತ್ತೆ ಹೂ ಬಿಡಲ್ಲ ನಿಜ, ಆದರೆ ಅದರ ಸುತ್ತ ಮರಿಗಡ್ಡೆಗಳು ಕೂತಿರುತ್ತವೆ, ಮುಂದಿನ ಹೂ ಅವುಗಳದ್ದು. ಒಣಗಿದ ದಂಟನ್ನು ಬುಡಕ್ಕೆ ಕತ್ತರಿಸಿ ಬಿಡಿ ಅಷ್ಟೇ. 2–3 ವರ್ಷಕ್ಕೊಮ್ಮೆ ಅಗೆದು, ನೆರಳಲ್ಲಿ ಆರಿಸಿ, ಬಿಡಿಸಿ ನೆಟ್ಟರೆ ಅಕ್ಕಪಕ್ಕದ ಮನೆಯವರಿಗೂ ಹಂಚಬಹುದು. ಹೊಲದಲ್ಲಿ ಬೆಳೆಯುವವರೂ ಹಳೇ ತಾಕು ಅಗೆದಾಗ ಗಡ್ಡೆ ಮಾರುತ್ತಾರೆ, ಕೇಳಿ ನೋಡಿ.

ಆಗಸ್ಟ್‌ನಲ್ಲಿ, ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಜನ ಮುಗಿಬಿದ್ದು ಗಿಡ ಕೊಳ್ಳುತ್ತಾರಲ್ವಾ, ಅಲ್ಲಿನ ಮಳಿಗೆಗಳಲ್ಲಾದರೂ ಪ್ರತಿ ಕುಂಡಕ್ಕೂ ಎಷ್ಟು ಗಂಟೆ ಬಿಸಿಲು ಬೇಕು ಅಂತ ಕನ್ನಡದಲ್ಲಿ ಒಂದು ಚೀಟಿ ಅಂಟಿಸುವಂತೆ ತೋಟಗಾರಿಕೆ ಇಲಾಖೆ ಹೇಳಬೇಕು.

— ಒಬ್ಬ ಓದುಗಿ, ತುಮಕೂರು