ಬಲಗೈಗೂ ಕೆಲಸ ಕೊಡು

ಚಿರಂಜೀವಿ ಪುಟ್ಟಿಗೆ, ನಿನ್ನ ಅತ್ತೆಯ ಆಶೀರ್ವಾದಗಳು.

ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದ್ದ ನನ್ನ ತಮ್ಮ, ಅಂದರೆ ನಿನ್ನಪ್ಪ, ಮನೆಗೆ ಬಂದ ಸುದ್ದಿ ಕೇಳಿ ಜೀವಕ್ಕೆ ಸಮಾಧಾನವಾಯಿತು. ಬಾಯಿ ಸೊಟ್ಟಗಾದದ್ದು ಕಂಡೊಡನೆ ನೀನು ಲಕ್ವಾದ ಎಣ್ಣೆ, ನಾಟಿ ಔಷಧಿ ಅಂತ ಅಲೆಯದೆ ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೇ ಕರೆದೊಯ್ದದ್ದು ದೊಡ್ಡ ಉಪಕಾರ. ಮಿದುಳಿನ ರಕ್ತನಾಳದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ, ಪಾರ್ಶ್ವವಾಯು ಶುರುವಾದಾಗಿನಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಅದೂ ಮಿದುಳಲ್ಲಿ ರಕ್ತಸ್ರಾವ ಆಗಿಲ್ಲ ಅಂತ ಸ್ಕ್ಯಾನ್ ಹೇಳಿದ ಮೇಲಷ್ಟೇ.

ಆದರೆ ಫೋನಿನಲ್ಲಿ ನೀನು "ಅಪ್ಪನಿಗೆ ಒಂದು ಲೋಟ ಎತ್ತೋಕೂ ಬಿಡ್ತಿಲ್ಲ ಅತ್ತೆ" ಅಂದೆಯಲ್ಲ, ಅದಕ್ಕೇ ಈ ಕಾಗದ. ಹಾಗೆ ಮಾಡಬೇಡ ಮಗಳೆ, ಸೋತ ಬಲಗೈಗೂ ಕೆಲಸ ಕೊಡು. ಮಿದುಳಿನಲ್ಲಿ ಸತ್ತ ನರಕೋಶ ಮರಳುವುದಿಲ್ಲ, ಆದರೆ ಉಳಿದವು ಅದರ ಕೆಲಸವನ್ನು ಒಂದಿಷ್ಟು ಕಲಿಯುತ್ತವೆ, ಒಂದೇ ಚಲನೆಯನ್ನು ನೂರಾರು ಸಲ ಮಾಡಿಸಿದರೆ. ಮೊದಲ ಮೂರು ತಿಂಗಳು ಈ ಕಲಿಕೆ ಚುರುಕು; ಆಮೇಲೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಅಮೆರಿಕದ ಎಡ್ವರ್ಡ್ ಟೌಬ್ ಎಂಬ ಮನಶ್ಶಾಸ್ತ್ರಜ್ಞರು ಕಂಡುಕೊಂಡದ್ದು ಇದನ್ನೇ: ಸೋತ ಕೈಯಿಂದ ಯತ್ನಿಸಿ ಯತ್ನಿಸಿ ಆಗದೆ, ರೋಗಿ ಅದನ್ನು ಬಳಸುವುದನ್ನೇ ಬಿಟ್ಟುಬಿಡುತ್ತಾನೆ. ಅವರ ಉಪಾಯ, ಚೆನ್ನಾಗಿರುವ ಕೈಗೆ ಗವಸು ತೊಡಿಸಿ ಸೋತ ಕೈಗೇ ದಿನವಿಡೀ ಕೆಲಸ ಹಚ್ಚುವುದು. 2006ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಎರಡು ವಾರ ಹೀಗೆ ಮಾಡಿದವರಿಗೆ ಸಿಕ್ಕ ಲಾಭ ವರ್ಷದ ಮೇಲೂ ಉಳಿದಿತ್ತು. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಆಡುವವರಿಗೆ ಮಾತ್ರ ಇದು ಹೊಂದುತ್ತದೆ. ತಮ್ಮನ ಬೆರಳು ಆಡುತ್ತವೆ ಅಂದೆ, ಫಿಸಿಯೋಥೆರಪಿಯವರನ್ನು ಕೇಳಿ ನೋಡು.

ಅಲ್ಲಿಯವರೆಗೆ ಅವರೆಕಾಯಿ ಸುಲಿಯಲಿ, ಒಗೆದ ಬಟ್ಟೆ ಮಡಚಲಿ. ಅನ್ನ ಚೆಲ್ಲಿದರೆ ಚೆಲ್ಲಲಿ, ಒರೆಸಿದರಾಯಿತು. ಸಿಡುಕುತ್ತಾನೆ, ಅವನ ಹಠ ಹುಟ್ಟಿದಾಗಿನಿಂದ ನನಗೆ ಗೊತ್ತು! ಆದರೆ ಸುಮ್ಮನೆ ಗೋಡೆ ನೋಡುತ್ತ ಕೂತರೆ, ಅಳುತ್ತಿದ್ದರೆ, ಅದನ್ನು ಹಠವೆಂದುಕೊಳ್ಳಬೇಡ. ಪಾರ್ಶ್ವವಾಯುವಿನ ಮೇಲೆ ಖಿನ್ನತೆ ಬರುವುದು ತೀರ ಸಾಮಾನ್ಯ, ಔಷಧಿಯಿದೆ, ಡಾಕ್ಟರಿಗೆ ಹೇಳು.

ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಬೇಡಿ, ಭುಜ ಜಾರುತ್ತದೆ. ಊಟಕ್ಕೆ ನೆಟ್ಟಗೆ ಕೂರಿಸು. ನುಂಗುವಾಗ ಕೆಮ್ಮು ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರನ್ನು ಕೇಳು. ಬಿ.ಪಿ. ಮಾತ್ರೆ "ಈಗ ನಾರ್ಮಲ್ ಇದೆ" ಅಂತ ತಾನೇ ಬಿಟ್ಟುಬಿಡುವ ಜಾತಿ ಅವನು, ಕಣ್ಣಿಡು. ಮತ್ತೆ ಮಾತು ತೊದಲಿದರೆ, ಅದು ತಾನಾಗಿ ಸರಿಹೋದರೂ ಸರಿ, 108ಕ್ಕೆ ಫೋನ್ ಮಾಡು.

ಫಿಸಿಯೋಥೆರಪಿಯವರು ಗವಸಿನ ಬಗ್ಗೆ ಏನೆಂದರು ಅಂತ ತಿಳಿಸು.

ಇಂತಿ,
ನಿನ್ನ ಅತ್ತೆ